ಪುಟ ಇಲ್ಲದಾಗ ಉತ್ತರ ಕೊಡುವವರು ಯಾರು?



ದತ್ತಿ ಉಪನ್ಯಾಸ ಎಂದರೆ ನಮ್ಮ ಕಡೆ ವಚನ, ಜಾನಪದ, ಇಲ್ಲವೇ ಮಾಗಡಿ ಕೆಂಪೇಗೌಡರ ಚರಿತ್ರೆ. ಈ ಸಲ ಆಪರೇಟಿಂಗ್ ಸಿಸ್ಟಮ್ ಬಗ್ಗೆ, ಅದೂ ಕನ್ನಡದಲ್ಲಿ ಮಾತಾಡಿ ಎಂದು ಕೇಳಿದಾಗ ನನಗೆ ಖುಷಿಯಾಯಿತು, ಸ್ವಲ್ಪ ಅಳುಕೂ ಆಯಿತು. ಹಿಂದಿನ ಸಾಲುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿದ್ದಾರೆ. ಚನ್ನಪಟ್ಟಣದವರು ರೈಲಿನಲ್ಲಿ ಬಂದಿದ್ದಾರೆ. ಕನಕಪುರ, ಮಾಗಡಿಯವರಿಗೆ ರೈಲೇ ಇಲ್ಲ, ಅವರು ಬಸ್ಸಿನಲ್ಲಿ ನಿಂತು ಬಂದಿರಬೇಕು. ಮುಂದಿನ ಸಾಲಿನಲ್ಲಿ ರೇಷ್ಮೆ ಕಸುಬಿನವರು, ನಿವೃತ್ತ ಮೇಷ್ಟ್ರುಗಳು ಕೂತಿದ್ದಾರೆ. ಎರಡೂ ಕಡೆಗೆ ತಲುಪುವ ಹಾಗೆ ಮಾತಾಡಲು ನೋಡುತ್ತೇನೆ.

ನಾನು ಆಯ್ದುಕೊಂಡ ವಿಷಯ ಪೇಜ್ ಫಾಲ್ಟ್. ಅದರ ಬಗ್ಗೆ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಲೆಕ್ಕ ಗೊತ್ತು. ಮೂರು ಚೌಕಟ್ಟು, ಇಪ್ಪತ್ತು ಪುಟಸಂಖ್ಯೆ, ಮೊದಲು ಬಂದದ್ದನ್ನು ಮೊದಲು ಹೊರಹಾಕಿದರೆ ಎಷ್ಟು ಫಾಲ್ಟ್, ಬಹಳ ಹೊತ್ತಿನಿಂದ ಮುಟ್ಟದ್ದನ್ನು ಹೊರಹಾಕಿದರೆ ಎಷ್ಟು. ಕೋಷ್ಟಕ ಬರೆದರೆ ಅಂಕ ಸಿಗುತ್ತದೆ. ಆದರೆ ಫಾಲ್ಟ್ ಆದ ಕ್ಷಣದಲ್ಲಿ ಯಾರು ಎದ್ದು ಬರುತ್ತಾರೆ, ಏನು ನೋಡುತ್ತಾರೆ, ಏನು ತಂದುಕೊಡುತ್ತಾರೆ, ಅವರೇ ಎಡವಿದರೆ ಏನು ಗತಿ, ಇದು ಆ ಕೋಷ್ಟಕದಲ್ಲಿ ಬರುವುದಿಲ್ಲ. ನಾನು ಮಾತಾಡಬೇಕೆಂದಿರುವುದು ಅದನ್ನೇ.

ಮೊದಲು ಸಂಗತಿ ಏನೆಂದು ನೋಡೋಣ. ನಿಮ್ಮ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಬರುತ್ತದೆ. ಅದರಲ್ಲಿ 'ಲಕ್ಷ್ಮಿ' ಎಂಬ ಹೆಸರಿದೆ. ಆ ಒತ್ತಕ್ಷರ ಪರದೆಯ ಮೇಲೆ ಮೂಡಬೇಕಾದರೆ ಕನ್ನಡ ಫಾಂಟಿನ ಫೈಲ್ ಬೇಕು. ಆ ಫೈಲನ್ನು ಪ್ರೋಗ್ರಾಂ ಆದಿಯಿಂದ ಅಂತ್ಯದವರೆಗೆ ಓದಿ ಮೆಮೊರಿಯಲ್ಲಿ ತುಂಬಿಕೊಳ್ಳುವುದಿಲ್ಲ. 'ಈ ವಿಳಾಸದಿಂದ ಆ ವಿಳಾಸದವರೆಗೆ ಈ ಫೈಲ್ ಇದೆ ಎಂದು ತಿಳಿ' ಎಂದು ಆಪರೇಟಿಂಗ್ ಸಿಸ್ಟಮಿಗೆ ಹೇಳಿ ಸುಮ್ಮನಾಗುತ್ತದೆ. ವಿಳಾಸ ಇದೆ, ಅಲ್ಲಿ ಸರಕಿಲ್ಲ. 'ಕ್ಷ'ಕ್ಕೆ ಮ ಒತ್ತು ಕೊಟ್ಟರೆ ಯಾವ ಚಿತ್ರ ಬಿಡಿಸಬೇಕೆಂದು ಹುಡುಕುತ್ತ ಆ ವಿಳಾಸಗಳಲ್ಲೊಂದನ್ನು ಪ್ರೋಗ್ರಾಂ ಮುಟ್ಟಿದಾಗ ಪ್ರೊಸೆಸರಿನ ಒಳಗಿರುವ ಮೆಮೊರಿ ನಿರ್ವಹಣಾ ಘಟಕ ಪುಟಗಳ ಪಟ್ಟಿ ನೋಡುತ್ತದೆ. ಒಂದು ಪುಟ ಎಂದರೆ ಸಾಮಾನ್ಯವಾಗಿ 4096 ಬೈಟ್; ಐಫೋನುಗಳಲ್ಲಿ ಅದರ ನಾಲ್ಕು ಪಟ್ಟು. ಪಟ್ಟಿಯಲ್ಲಿ ಆ ಪುಟದ ಎದುರು 'ಇಲ್ಲ' ಎಂದಿದ್ದರೆ ಪ್ರೊಸೆಸರ್ ನಿಲ್ಲುತ್ತದೆ; ಇದೇ ಪೇಜ್ ಫಾಲ್ಟ್. ಯಾವ ವಿಳಾಸ ಮುಟ್ಟಿದ್ದು, ಓದಲೋ ಬರೆಯಲೋ, ಯಾವ ಸೂಚನೆ ನಡೆಯುತ್ತಿತ್ತು, ಇಷ್ಟನ್ನು ಗುರುತು ಹಾಕಿಕೊಂಡು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿಗೆ ಹಾರುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಆ ವಿಳಾಸ ಸಿಆರ್2 ಎಂಬ ರಿಜಿಸ್ಟರಿನಲ್ಲಿ ಸಿಗುತ್ತದೆ. ಪುಟ ಬಂದ ಮೇಲೆ ಅದೇ ಸೂಚನೆ ಮತ್ತೆ ಮೊದಲಿಂದ ನಡೆಯುತ್ತದೆ. ಪ್ರೋಗ್ರಾಮಿಗೆ ತಾನು ನಿಂತದ್ದೇ ಗೊತ್ತಾಗುವುದಿಲ್ಲ.

ಏನೋ ಕೆಟ್ಟಾಗ ಮಾತ್ರ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಹಲೋ ಎಂದು ಬರೆದು ಮುಗಿಸುವ ನಾಲ್ಕು ಸಾಲಿನ ಸಿ ಪ್ರೋಗ್ರಾಮಿಗೂ ಲಿನಕ್ಸಿನಲ್ಲಿ ಹತ್ತಾರು ಫಾಲ್ಟ್ ಆಗುತ್ತವೆ. ಟೈಮ್ ಕಮಾಂಡಿನ ವಿವರವಾದ ವರದಿ ತೆಗೆದು ನೋಡಿ, ಮೇಜರ್ ಎಷ್ಟು, ಮೈನರ್ ಎಷ್ಟು ಎಂದು ಎರಡು ಸಾಲು ಇರುತ್ತವೆ. ಪುಟ ಆಗಲೇ ಮೆಮೊರಿಯಲ್ಲೆಲ್ಲೋ ಇದ್ದು ಪಟ್ಟಿಗೆ ಸೇರಿಸುವುದಷ್ಟೇ ಬಾಕಿ ಇದ್ದರೆ ಅದು ಮೈನರ್. ಡಿಸ್ಕಿನಿಂದ ತರಬೇಕಾದರೆ ಮೇಜರ್. ಹಳೆಯ ತಿರುಗುವ ಡಿಸ್ಕಿನಲ್ಲಿ ಅದಕ್ಕೆ 10 ಮಿಲಿಸೆಕೆಂಡ್ ಹಿಡಿದರೆ, 3 ಗಿಗಾಹರ್ಟ್ಸ್ ಪ್ರೊಸೆಸರ್ ಅಷ್ಟು ಹೊತ್ತಿಗೆ 3 ಕೋಟಿ ಬಡಿತ ಬಡಿದಿರುತ್ತದೆ. ಆದ್ದರಿಂದ ಯಾವ ಪುಟ ತರಬೇಕು, ಅದರ ಜೊತೆಗೆ ಪಕ್ಕದ್ದನ್ನೂ ತರಬೇಕೇ, ಜಾಗಕ್ಕಾಗಿ ಯಾವುದನ್ನು ಕಳಿಸಬೇಕು ಎಂಬ ತೀರ್ಮಾನಗಳಿಗೆ ಬಹಳ ಬೆಲೆ ಇದೆ.

ಈ ಉಪಾಯ ಹಳೆಯದು. ಮ್ಯಾಂಚೆಸ್ಟರಿನಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಕಟ್ಟಿ 1962ರಲ್ಲಿ ಚಾಲೂ ಮಾಡಿದ ಅಟ್ಲಾಸ್ ಯಂತ್ರದಲ್ಲಿ ವೇಗದ ಕೋರ್ ಮೆಮೊರಿ 16 ಸಾವಿರ ಪದದಷ್ಟು, ನಿಧಾನದ ಡ್ರಮ್ 96 ಸಾವಿರ ಪದದಷ್ಟು. ಪುಟಕ್ಕೆ 512 ಪದ. ಪ್ರೋಗ್ರಾಂ ಬರೆಯುವವನಿಗೆ ಎರಡೂ ಸೇರಿ ಒಂದೇ ದೊಡ್ಡ ಮೆಮೊರಿಯಂತೆ ಕಾಣಲಿ ಎಂದು ಈ ವ್ಯವಸ್ಥೆ. ಆಮೇಲೆ ಬಂದ ಎಲ್ಲ ಪ್ರೊಸೆಸರಿಗೂ ಇದು ದಕ್ಕಿತು ಎಂದೇನೂ ಇಲ್ಲ. ಮೊಟೊರೋಲಾದ 68000 ಫಾಲ್ಟ್ ಆದ ಸೂಚನೆಯನ್ನು ಸರಿಯಾಗಿ ಮತ್ತೆ ನಡೆಸಲಾರದ ಪ್ರೊಸೆಸರ್. ಅರ್ಧ ಆದ ಕೆಲಸದ ಗುರುತು ಅದರಲ್ಲಿ ಪೂರ್ತಿ ಉಳಿಯುತ್ತಿರಲಿಲ್ಲ. ಅಪೊಲೊ ಕಂಪನಿಯವರು ತಮ್ಮ ವರ್ಕ್‌ಸ್ಟೇಷನ್‌ನಲ್ಲಿ ಎರಡು 68000 ಇಟ್ಟರು. ಒಂದು ಪುಟವಿಲ್ಲದೆ ನಿಂತಾಗ ಇನ್ನೊಂದು ಹೋಗಿ ಪುಟ ತರುವುದು. ಒಂದು ಸಣ್ಣ ಕೊರತೆಗೆ ಇಡೀ ಪ್ರೊಸೆಸರನ್ನೇ ತೆತ್ತ ಈ ಕತೆ ನನಗೆ ಬಲು ಇಷ್ಟ. 68010ರಲ್ಲಿ ಆ ಕೊರತೆ ಸರಿಹೋಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಯುನಿಕ್ಸ್, ಲಿನಕ್ಸ್ ಮಾದರಿಯಲ್ಲಿ ಫಾಲ್ಟಿಗೆ ಉತ್ತರ ಕೊಡುವುದು ಕರ್ನಲ್. ಪುಟ ಯಾವ ಫೈಲಿನದು, ಆ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ, ಡಿಸ್ಕಿನೊಡನೆ ಮಾತಾಡುವುದು ಹೇಗೆ, ಎಲ್ಲವೂ ಅದರ ಹೊಟ್ಟೆಯೊಳಗೇ ಇರುತ್ತವೆ. ಫೈಲ್ ಸಿಸ್ಟಮಿನ ಸಾಲೊಂದರಲ್ಲಿ ತಪ್ಪಿದ್ದರೆ ಇಡೀ ಯಂತ್ರ ಮಲಗಬಹುದು. ಮೈಕ್ರೋಕರ್ನಲ್ ಪಂಥದವರ ತಕರಾರು ಇದೇ. ಪ್ರೊಸೆಸರನ್ನು ಹಂಚುವುದು, ವಿಳಾಸದ ಪಟ್ಟಿಗಳನ್ನು ಕಾಯುವುದು, ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸುವುದು, ಇಷ್ಟು ಮಾತ್ರ ಕರ್ನಲ್ಲಿನ ಪಾಲಿಗಿರಲಿ, ಮಿಕ್ಕದ್ದೆಲ್ಲ ಸಾಮಾನ್ಯ ಪ್ರೋಗ್ರಾಮುಗಳಾಗಿ ಹೊರಗಿರಲಿ ಎನ್ನುತ್ತಾರೆ. ಹಾಗೆ ಹೊರಗೆ ಹಾಕಿದ ಮೇಲೆ ಪೇಜ್ ಫಾಲ್ಟಿಗೆ ಉತ್ತರಿಸುವ ಕೆಲಸವೂ ಹೊರಗಿನ ಪ್ರೋಗ್ರಾಂ ಒಂದರ ತಲೆಗೆ ಬರುತ್ತದೆ. ಅದಕ್ಕೆ ಪೇಜರ್ ಎನ್ನುತ್ತಾರೆ.

ಮುಂದಿನ ಸಾಲಿನವರಿಗೆ ಇದನ್ನು ನಮ್ಮ ರಾಮನಗರದ ರೇಷ್ಮೆಯ ಭಾಷೆಯಲ್ಲೇ ಹೇಳಬಹುದು. ಯಾವುದಾದರೂ ಆಟೊಮ್ಯಾಟಿಕ್ ರೀಲಿಂಗ್ ಯಂತ್ರದ ಎದುರು ನಿಂತು ನೋಡಿ. ಬೆಂದ ಗೂಡುಗಳಿಂದ ಏಳೆಂಟು ಎಳೆ ಸೇರಿ ಒಂದು ನೂಲಾಗಿ ಮೇಲಕ್ಕೆ ಹೋಗುತ್ತಿರುತ್ತದೆ. ಒಂದು ಗೂಡು ಬರಿದಾಗುತ್ತ ಬಂದಂತೆ ನೂಲು ತೆಳ್ಳಗಾಗುತ್ತದೆ. ಅದನ್ನು ಪತ್ತೆ ಹಚ್ಚಲು ಎರಡು ಪುಟ್ಟ ಗಾಜಿನ ತಟ್ಟೆಗಳ ಸಂದಿನಲ್ಲಿ ನೂಲು ಹಾಯುವ ಹಾಗೆ ಮಾಡಿದ್ದಾರೆ. ನೂಲು ದಪ್ಪವಿದ್ದರೆ ಉಜ್ಜುವಿಕೆಯಿಂದ ಸನ್ನೆ ಎತ್ತಿಕೊಂಡಿರುತ್ತದೆ, ತೆಳುವಾದರೆ ಬೀಳುತ್ತದೆ. ಬಿದ್ದೊಡನೆ ಹೊಸ ಗೂಡಿನ ಎಳೆ ಬಂದು ಸೇರಬೇಕೆಂದು ಕರೆ ಹೋಗುತ್ತದೆ. ಸನ್ನೆಗೆ ಗೊತ್ತಿರುವುದು ಕೊರತೆ ಬಿದ್ದಿದೆ ಎಂಬುದು ಮಾತ್ರ. ಇವತ್ತಿನ ಲಾಟು ದ್ವಿತಳಿಯೋ ಮಿಶ್ರತಳಿಯೋ, ಯಾವ ಬುಟ್ಟಿಯಿಂದ ಸುರಿಯಬೇಕು, ಗೂಡು ಎಷ್ಟು ಬೆಂದಿರಬೇಕು ಎಂಬುದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ನೋಡಿ ಕೊಂಡ ರೀಲರಿಗೆ ಗೊತ್ತು. ಸನ್ನೆಗೇ ಆ ತೀರ್ಮಾನವನ್ನೂ ಕಲಿಸಲು ಹೊರಟರೆ ಯಂತ್ರ ಕೆಡುತ್ತದೆ. ಮೈಕ್ರೋಕರ್ನಲ್ ಸನ್ನೆಯ ಕೆಲಸವನ್ನು ತಾನಿಟ್ಟುಕೊಂಡು ರೀಲರನ ಕೆಲಸವನ್ನು ಪೇಜರಿಗೆ ಬಿಡುತ್ತದೆ.

ಇದನ್ನು ದೊಡ್ಡದಾಗಿ ಮೊದಲು ಮಾಡಿ ತೋರಿಸಿದ್ದು 1980ರ ದಶಕದ ನಡುವಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರಶೀದ್ ಮತ್ತು ಸಂಗಡಿಗರು ಕಟ್ಟಿದ ಮ್ಯಾಕ್ ಎಂಬ ಕರ್ನಲ್. ಅಲ್ಲಿ ಫೈಲು, ಡಿಸ್ಕಿನ ಭಾಗ, ದೂರದ ಇನ್ನೊಂದು ಯಂತ್ರದ ಮೆಮೊರಿ ಇವೆಲ್ಲ 'ಮೆಮೊರಿ ವಸ್ತು'ಗಳು. ಪ್ರತಿ ವಸ್ತುವಿನ ಹಿಂದೆ ಒಬ್ಬ ಪೇಜರ್. ಫಾಲ್ಟ್ ಆದಾಗ ಕರ್ನಲ್ ಪೇಜರಿಗೆ ಸಂದೇಶ ಕಳಿಸುತ್ತದೆ: ಈ ವಸ್ತುವಿನ ಇಷ್ಟನೆಯ ಬೈಟಿನಿಂದ ಇಷ್ಟು ಬೇಕು. ಪೇಜರ್ ಮೂರು ಬಗೆಯಲ್ಲಿ ಉತ್ತರಿಸಬಹುದು: 'ಇಗೋ ತಗೋ'; 'ನನ್ನಲ್ಲಿ ಇಲ್ಲ, ಸೊನ್ನೆ ತುಂಬಿಕೋ'; 'ತರಲು ಹೋದೆ, ಆಗಲಿಲ್ಲ'. ಆದರೆ ಮೆಮೊರಿ ತುಂಬಿದಾಗ ಯಾವ ಪುಟವನ್ನು ಹೊರಗೆ ಕಳಿಸಬೇಕೆಂಬ ಅಧಿಕಾರವನ್ನು ಮ್ಯಾಕ್ ತನ್ನಲ್ಲೇ ಇಟ್ಟುಕೊಂಡಿತ್ತು. ತೀರ್ಮಾನ ಹೊರಗಿನದು ಎಂದು ಹೇಳಿ ಅರ್ಧವನ್ನು ಒಳಗೇ ಉಳಿಸಿಕೊಂಡ ರಾಜಿ ಅದು. ಐಫೋನಿನ ಕರ್ನಲ್ ಮ್ಯಾಕ್ ವಂಶದ್ದೇ. ಆದರೆ ಅಲ್ಲಿ ಪೇಜರುಗಳು ಮತ್ತೆ ಕರ್ನಲ್ ಒಳಗೇ ಸೇರಿಕೊಂಡಿವೆ.

ಮ್ಯಾಕ್ ದಾರಿಯನ್ನು ಬಿಡದೆ ಹಿಡಿದವರು ಗ್ನೂ ಹರ್ಡ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುವವರು. 1990ರಲ್ಲಿ ಶುರುವಾದ ಕೆಲಸ, ಇಂದೂ ನಡೆಯುತ್ತಿದೆ. ನಿಧಾನವಾಯಿತೆಂದು ನಗುವವರಿದ್ದಾರೆ, ಪೇಜರ್ ಎಂದರೇನೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಗರಡಿ ನನಗೆ ಕಂಡಿಲ್ಲ. ಹರ್ಡ್‌ನಲ್ಲಿ ಎಕ್ಸ್‌ಟಿ2 ಫೈಲ್ ಸಿಸ್ಟಮ್ ಒಂದು ಸಾಮಾನ್ಯ ಪ್ರೋಗ್ರಾಂ, ಅದೇ ಪೇಜರ್ ಕೂಡ. ಡಿಸ್ಕನ್ನು ತುಂಡುತುಂಡಾಗಿ ಓದುವ ಬದಲು ಅದು ಇಡೀ ಡಿಸ್ಕ್ ಭಾಗವನ್ನೇ ತನ್ನ ವಿಳಾಸಗಳ ಮೇಲೆ ಹಾಸಿಕೊಂಡಿತ್ತು. ಡಿಸ್ಕಿನ ಯಾವ ಜಾಗ ಬೇಕಾದರೂ ಮೆಮೊರಿಯ ಹಾಗೆ ಮುಟ್ಟಿದರಾಯಿತು, ಫಾಲ್ಟ್ ಆಗಿ ತಾನಾಗಿ ಬರುತ್ತದೆ. ಕೋಡು ಚೊಕ್ಕ, ಓದಲು ಚೆಂದ. ಆದರೆ 32 ಬಿಟ್ ಯಂತ್ರದಲ್ಲಿ ವಿಳಾಸಗಳಿರುವುದೇ 4 ಗಿಗಾಬೈಟಿನಷ್ಟು, ಹಾಗಾಗಿ ಹೆಚ್ಚುಕಡಿಮೆ 2 ಗಿಗಾಬೈಟಿಗಿಂತ ದೊಡ್ಡ ಡಿಸ್ಕ್ ಭಾಗವನ್ನು ಹರ್ಡ್ ಬಳಸಲಾಗುತ್ತಿರಲಿಲ್ಲ. ಅಂಗಡಿಗಳಲ್ಲಿ 40, 80 ಗಿಗಾಬೈಟಿನ ಡಿಸ್ಕು ಸಿಗುತ್ತಿದ್ದ ಕಾಲದಲ್ಲೂ ಈ ಮಿತಿ ಉಳಿದಿತ್ತು. ಬೇಕಾದ ತುಂಡುಗಳನ್ನಷ್ಟೇ ಹಾಸಿ, ಬೇಡವಾದಾಗ ಮಡಚುವ ಹಾಗೆ ತಿದ್ದಿದ ಮೇಲೆ ಅದು ಹೋಯಿತು.

ಹರ್ಡ್‌ನಿಂದ ಇನ್ನೂ ಒಂದು ಕಲಿಯಬೇಕು. ಅದು ಇದಕ್ಕಿಂತ ಆಳದ್ದು. ಸಾಮಾನ್ಯವಾಗಿ ಡಿಸ್ಕಿನಿಂದ ಓದುವ ಫಂಕ್ಷನ್ ಕರೆದರೆ, ಓದಲಾಗದಿದ್ದಾಗ ಅದು ತಪ್ಪಿನ ಸಂಖ್ಯೆಯೊಂದನ್ನು ಹಿಂದಿರುಗಿಸುತ್ತದೆ. ಮುಂದಿನ ಸಾಲಿನಲ್ಲಿ ಅದನ್ನು ನೋಡಿ ಏನಾದರೂ ಮಾಡುತ್ತೀರಿ. ಡಿಸ್ಕನ್ನು ಮೆಮೊರಿಯ ಹಾಗೆ ಮುಟ್ಟುವಾಗ ಹಿಂದಿರುಗಿಸಲು ಯಾವ ಫಂಕ್ಷನ್ನೂ ಇಲ್ಲ. ಎರಡು ಸಂಖ್ಯೆ ಕೂಡುವ ಸಾಲಿನ ನಡುವೆ, ಒಂದು ಸಂಖ್ಯೆ ಡಿಸ್ಕಿನ ಕೆಟ್ಟ ಜಾಗದಲ್ಲಿದ್ದರೆ, ಕೂಡುವ ಸೂಚನೆಯೇ ಅರ್ಧಕ್ಕೆ ನಿಲ್ಲುತ್ತದೆ. ಪೇಜರ್ 'ಆಗಲಿಲ್ಲ' ಎಂದಿರುತ್ತದೆ. ಪುಟ ಕೇಳಿದ ಥ್ರೆಡ್ಡಿಗೆ ಸಿಗ್ನಲ್ ಬರುತ್ತದೆ. ಏನೂ ವ್ಯವಸ್ಥೆ ಮಾಡಿರದಿದ್ದರೆ ಪ್ರೋಗ್ರಾಂ ಸಾಯುತ್ತದೆ. ಸಾಯುವುದು ಫೈಲ್ ಸಿಸ್ಟಮೇ ಆದರೆ ಅದನ್ನು ನಂಬಿಕೊಂಡಿದ್ದವರೆಲ್ಲ ಬೀದಿಪಾಲು. ಆದ್ದರಿಂದ ಹರ್ಡ್‌ನ ಫೈಲ್ ಸಿಸ್ಟಮುಗಳು ಡಿಸ್ಕನ್ನು ಮುಟ್ಟುವ ಮೊದಲು 'ಇಲ್ಲಿಂದ ಇಲ್ಲಿಯವರೆಗಿನ ವಿಳಾಸದಲ್ಲಿ ಫಾಲ್ಟ್ ಆಗಿ ಉತ್ತರ ಸಿಗದಿದ್ದರೆ ನನ್ನನ್ನು ಈ ಜಾಗಕ್ಕೆ ವಾಪಸ್ ತಾ' ಎಂದು ಮೊದಲೇ ಗುರುತು ಹಾಕಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೆ ಗುರುತು ಅಳಿಸುತ್ತವೆ. ಇದು ಮರೆತುಹೋಗುವ ಸಂಭವ ಎಷ್ಟಿದೆ ನೋಡಿ. ತಪ್ಪು ಎಲ್ಲಿ ಬರಬಹುದೆಂದು ಪ್ರೋಗ್ರಾಮಿನ ಸಾಲುಗಳನ್ನು ನೋಡಿದರೆ ಕಾಣುವುದೇ ಇಲ್ಲ. ಯಾವ ಪಾಯಿಂಟರ್ ಯಾವ ವಸ್ತುವಿನತ್ತ ಬೆರಳು ಮಾಡುತ್ತಿದೆ ಎಂಬುದು ತಲೆಯಲ್ಲಿರಬೇಕು.

ಮ್ಯಾಕ್‌ನ ಇನ್ನೊಂದು ತೊಂದರೆ ವೇಗದ್ದು. ಪ್ರತಿ ಫಾಲ್ಟಿಗೂ ಸಂದೇಶ ಹೋಗಿ ಬರಬೇಕು, ಸಂದೇಶವೇ ಭಾರವಾಗಿದ್ದರೆ ಏನು ಮಾಡುವುದು? 50 ಮೆಗಾಹರ್ಟ್ಸಿನ 486 ಯಂತ್ರದಲ್ಲಿ ಮ್ಯಾಕ್‌ನ ಒಂದು ಚಿಕ್ಕ ಸಂದೇಶಕ್ಕೆ ಸುಮಾರು 115 ಮೈಕ್ರೋಸೆಕೆಂಡ್. ಮೈಕ್ರೋಕರ್ನಲ್ ಎಂಬುದೇ ಆಗದ ಮಾತು ಎಂದು ಹಲವರು ಕೈತೊಳೆದುಕೊಂಡರು. ಜರ್ಮನಿಯ ಯೋಕೆನ್ ಲೀಡ್ಕೆ 1993ರಲ್ಲಿ ಅದೇ ಯಂತ್ರದ ಮೇಲೆ ತಮ್ಮ ಎಲ್3 ಕರ್ನಲ್ಲಿನಲ್ಲಿ ಅದನ್ನು 5 ಮೈಕ್ರೋಸೆಕೆಂಡಿಗೆ ಇಳಿಸಿ ತೋರಿಸಿದರು. ತಪ್ಪು ಕಲ್ಪನೆಯದಲ್ಲ, ಕಟ್ಟಿದ ರೀತಿಯದು ಎಂಬುದು ಅವರ ವಾದ. ಎಲ್3ರ ಮುಂದಿನದು ಎಲ್4. ಲೀಡ್ಕೆ 2001ರಲ್ಲಿ ತೀರಿಕೊಂಡರು. ಅವರ ಎಲ್4 ವಂಶದ ಕರ್ನಲ್ಲುಗಳು ಕ್ವಾಲ್‌ಕಾಮ್ ಮೋಡೆಮುಗಳ ಒಳಗೆ ಸೇರಿ ಕೋಟಿಗಟ್ಟಲೆ ಫೋನುಗಳಲ್ಲಿ ಓಡಾಡಿದವು. ಆಪಲ್ ಫೋನುಗಳಲ್ಲಿ ಬೆರಳಚ್ಚು, ಗುಪ್ತ ಕೀಲಿಗಳನ್ನು ಕಾಯುವ ಚಿಪ್ಪಿನಲ್ಲಿ ಈಗಲೂ ಆ ವಂಶದ್ದೊಂದು ಕರ್ನಲ್ ಇದೆ.

ಎಲ್4ರಲ್ಲಿ ಫಾಲ್ಟ್ ಆದರೆ ಕರ್ನಲ್ ಮಾಡುವುದು ಒಂದು ಸೊಗಸಾದ ನಾಟಕ. ಫಾಲ್ಟ್ ಆದ ಥ್ರೆಡ್ಡೇ ತನ್ನ ಪೇಜರಿಗೆ ಸಂದೇಶ ಕಳಿಸಿತೋ ಎಂಬಂತೆ ಅದರ ಹೆಸರಿನಲ್ಲಿ ತಾನು ಸಂದೇಶ ಬರೆದು ಕಳಿಸುತ್ತದೆ. ಪೇಜರಿನ ಉತ್ತರದ ಜೊತೆಗೇ ಪುಟ ಬಂದು ಆ ಥ್ರೆಡ್ಡಿನ ವಿಳಾಸಪಟ್ಟಿಗೆ ಸೇರುತ್ತದೆ, ಥ್ರೆಡ್ ಎದ್ದು ಹೋಗುತ್ತದೆ. ಪೇಜರ್ ಕೊಡುವುದು ತನ್ನ ಬಳಿ ಇರುವ ಪುಟವನ್ನೇ. ಅದಕ್ಕೆ ಆ ಪುಟ ಕೊಟ್ಟದ್ದು ಇನ್ನೊಂದು ಪೇಜರ್. ಹೀಗೆ ಮೇಲಕ್ಕೆ ಹೋಗುತ್ತ ಎಲ್ಲ ಮೆಮೊರಿಯೂ ಮೊದಲಿಗೆ ಒಬ್ಬನದೇ. ಅವನ ಹೆಸರು ಸಿಗ್ಮಾ ಸೊನ್ನೆ. ಕೊಟ್ಟವನು ಯಾವಾಗ ಬೇಕಾದರೂ ಹಿಂದಕ್ಕೆ ಕಿತ್ತುಕೊಳ್ಳಬಹುದು; ಅವನು ಕಿತ್ತುಕೊಂಡರೆ ಕೆಳಗಿನವರಿಂದೆಲ್ಲ ಒಟ್ಟಿಗೇ ಹೋಗುತ್ತದೆ. ಮ್ಯಾಕ್ ಒಳಗೇ ಉಳಿಸಿಕೊಂಡಿದ್ದ ಆ ಅರ್ಧ ತೀರ್ಮಾನವೂ ಇಲ್ಲಿ ಹೊರಗೆ ಬಂತು.

ಈ ವಂಶದಲ್ಲಿ ಇಂದು ಹೆಚ್ಚು ಹೆಸರಾಗಿರುವುದು ಸೆಲ್4, ಆಸ್ಟ್ರೇಲಿಯಾದಲ್ಲಿ ಬೆಳೆದದ್ದು. ಸುಮಾರು 8,700 ಸಾಲಿನ ಸಿ ಕೋಡು ತನ್ನ ವಿವರಣೆಗೆ ತಕ್ಕಂತೆಯೇ ನಡೆಯುತ್ತದೆ ಎಂದು 2009ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಅದರ ಫಾಲ್ಟ್ ಸಂದೇಶದಲ್ಲಿ ನಾಲ್ಕೇ ಸಂಗತಿ: ಯಾವ ಸೂಚನೆ ನಡೆಯುತ್ತಿತ್ತು, ಯಾವ ವಿಳಾಸ ಮುಟ್ಟಿತು, ಸೂಚನೆ ತರಲು ಹೋದದ್ದೋ ದತ್ತಾಂಶ ತರಲೋ, ಪ್ರೊಸೆಸರ್ ಕೊಟ್ಟ ಸ್ಥಿತಿಯ ಸಂಖ್ಯೆ. ಇಷ್ಟು ಓದಿಕೊಂಡು ಪೇಜರ್ ಪುಟವನ್ನು ಜೋಡಿಸಿ ಉತ್ತರ ಕಳಿಸಬೇಕು. ವಿಳಾಸಪಟ್ಟಿ ಬರೆದಿಡಲು ಬೇಕಾದ ಮೆಮೊರಿಯನ್ನೂ ಸೆಲ್4 ತಾನಾಗಿ ಎಲ್ಲಿಂದಲೂ ತೆಗೆದುಕೊಳ್ಳುವುದಿಲ್ಲ. ಪಟ್ಟಿಗೆ ಜಾಗ ಇಲ್ಲದಿದ್ದರೆ ಪುಟ ಜೋಡಿಸುವ ಕರೆ ವಿಫಲವಾಗುತ್ತದೆ. ಪೇಜರ್ ಮೊದಲು ಪಟ್ಟಿಗೆ ಒಂದು ತುಂಡು ಮೆಮೊರಿ ಕೊಟ್ಟು, ಆಮೇಲೆ ಪುಟ ಕೊಡಬೇಕು. ವಿದ್ಯಾರ್ಥಿಗಳು ಒಂದನ್ನು ಗಮನಿಸಬೇಕು. ಆ ಗಣಿತದ ಸಾಧನೆ ಕರ್ನಲ್ಲಿಗೆ ಮಾತ್ರ. ನೀವು ಬರೆದ ಪೇಜರ್ ತಪ್ಪು ಪುಟ ಕೊಟ್ಟರೆ ಕರ್ನಲ್ ಅದನ್ನು ಅತ್ಯಂತ ನಿಷ್ಠೆಯಿಂದ ಜೋಡಿಸುತ್ತದೆ.

ಇನ್ನು ಪೇಜರ್ ಬರೆಯುವವರ ಕಷ್ಟ. ನನ್ನ ಮಟ್ಟಿಗೆ ಈ ವಿಷಯದ ತಿರುಳಿರುವುದು ಇಲ್ಲಿ.

ಮೊದಲ ಸಲ ಪೇಜರ್ ಬರೆಯುವ ಹುಡುಗ ಏನು ಮಾಡುತ್ತಾನೆ? ಸಂದೇಶಕ್ಕೆ ಕಾಯುವ ಒಂದು ಲೂಪ್ ಬರೆಯುತ್ತಾನೆ. ಫಾಲ್ಟ್ ಬಂದದ್ದು ಕಾಣಲಿ ಎಂದು ಲೂಪಿನೊಳಗೆ ಒಂದು ಪ್ರಿಂಟ್ ಸಾಲು ಹಾಕುತ್ತಾನೆ. ಎಲ್ಲರೂ ಹಾಕುವುದೇ. ಪ್ರಿಂಟ್ ಫಂಕ್ಷನ್ ಅಕ್ಷರ ಕೂಡಿಡಲು ಬಫರ್ ಬೇಕೆಂದು ಮೆಮೊರಿ ಕೇಳುತ್ತದೆ. ಸಿಕ್ಕ ಮೆಮೊರಿ ವಿಳಾಸ ಮಾತ್ರ, ಇನ್ನೂ ಪುಟವಿಲ್ಲ. ಬಫರಿನ ಮೊದಲ ಬೈಟ್ ಬರೆದ ಕೂಡಲೇ ಪೇಜರಿಗೇ ಪೇಜ್ ಫಾಲ್ಟ್. ಕರ್ನಲ್ ಪೇಜರಿನ ಪೇಜರ್ ಯಾರು ಎಂದು ನೋಡುತ್ತದೆ. ಹುಡುಗ ಅಲ್ಲೂ ಅದೇ ಪೇಜರಿನ ಹೆಸರು ಕೊಟ್ಟಿದ್ದಾನೆ. ಸಂದೇಶ ಹೋಗುತ್ತದೆ, ಆದರೆ ಅದನ್ನು ತೆಗೆದುಕೊಳ್ಳಬೇಕಾದವನು ಅದೇ ಸಂದೇಶದ ಉತ್ತರಕ್ಕಾಗಿ ನಿದ್ದೆಯಲ್ಲಿದ್ದಾನೆ. ಪರದೆಯ ಮೇಲೆ ಏನೂ ಮೂಡುವುದಿಲ್ಲ, ಯಂತ್ರ ಸತ್ತೂ ಇಲ್ಲ. ಹಾಗೆ ಗಂಟೆಗಟ್ಟಲೆ ನಿಂತಿರುತ್ತದೆ. ಪ್ರಿಂಟ್ ಸಾಲು ತೆಗೆದರೆ ಎಲ್ಲ ಸರಿ. ತೆಗೆದ ಮೇಲೆ ಏನು ನಡೆಯುತ್ತಿದೆ ಎಂದು ನೋಡುವ ದಾರಿಯೇ ಇಲ್ಲ.

ಹಾಗಾಗಿ ಪೇಜರ್ ಬಡವನ ಹಾಗೆ ಬದುಕಬೇಕು. ತನಗೆ ಬೇಕಾದ ಕೋಡು, ಸ್ಟ್ಯಾಕು, ಕೋಷ್ಟಕ ಎಲ್ಲವನ್ನೂ ಮೊದಲೇ ತಂದು ಅಲುಗದಂತೆ ಇಟ್ಟುಕೊಳ್ಳಬೇಕು. ಸೇವೆಗೆ ನಿಂತ ಮೇಲೆ ಹೊಸ ಮೆಮೊರಿ ಕೇಳುವಂತಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಆಂಡ್ರ್ಯೂ ಟನೆನ್‌ಬಾಮ್ ಬಳಗ ಕಟ್ಟಿದ ಮಿನಿಕ್ಸ್ 3ರಲ್ಲಿ ಈ ಕೆಲಸ ವಿಎಂ ಎಂಬ ಸರ್ವರಿನದು. ಯಾವ ಪ್ರೋಗ್ರಾಮಿಗೆ ಫಾಲ್ಟ್ ಆದರೂ ಕರ್ನಲ್ ಅದನ್ನು ತಡೆದು ನಿಲ್ಲಿಸಿ ವಿಎಂಗೆ ಸಂದೇಶ ಹಾಕುತ್ತದೆ. ವಿಎಂ ಪುಟ ಜೋಡಿಸಿ 'ಇನ್ನು ಬಿಡು' ಎನ್ನುತ್ತದೆ. ಫಾಲ್ಟ್ ಆದದ್ದು ವಿಎಂಗೇ ಆಗಿದ್ದರೆ? ಕರ್ನಲ್ ಮಾತುಕತೆಗೆ ಹೋಗುವುದಿಲ್ಲ, ಇಡೀ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಉತ್ತರಿಸಲು ಯಾರೂ ಉಳಿದಿಲ್ಲವಲ್ಲ. ಈ ಮಿನಿಕ್ಸ್ ಪಾಠಪುಸ್ತಕದಲ್ಲಿ ಮಾತ್ರ ಉಂಟು ಎಂದುಕೊಂಡಿದ್ದವರಿಗೆ 2017ರಲ್ಲಿ ಆಶ್ಚರ್ಯ ಕಾದಿತ್ತು. ಇಂಟೆಲ್ ಚಿಪ್‌ಸೆಟ್ಟುಗಳ ಒಳಗೆ ಮರೆಯಲ್ಲಿ ಕೂತ ನಿರ್ವಹಣಾ ಎಂಜಿನ್ನು ಮಿನಿಕ್ಸಿನ ಮೇಲೆ ನಡೆಯುತ್ತದೆ ಎಂದು ಗೊತ್ತಾಯಿತು. ಟನೆನ್‌ಬಾಮ್ ಇಂಟೆಲ್‌ಗೆ ಬಹಿರಂಗ ಪತ್ರ ಬರೆದು, ಬಳಸಿದ್ದಕ್ಕೆ ತಕರಾರಿಲ್ಲ, ಒಂದು ಮಾತು ಹೇಳಬಹುದಿತ್ತು ಎಂಬರ್ಥದಲ್ಲಿ ಆಕ್ಷೇಪಿಸಿದರು.

ಸ್ಟ್ಯಾಕಿನ ಕತೆ ಇನ್ನೂ ಮೋಜಿನದು. ಪ್ರೋಗ್ರಾಂ ತನ್ನ ಫಾಲ್ಟನ್ನು ತಾನೇ ಸಿಗ್ನಲ್ ಮೂಲಕ ಹಿಡಿಯಲು ಹೊರಟಿದೆ ಎನ್ನಿ. ಕೊನೆಯಿಲ್ಲದ ರಿಕರ್ಷನ್ನಿನಿಂದ ಸ್ಟ್ಯಾಕು ಮುಗಿದುಹೋಗಿ ಫಾಲ್ಟ್ ಆಯಿತು. ಸಿಗ್ನಲ್ ಹಿಡಿಯುವ ಫಂಕ್ಷನ್ ನಡೆಯಲು ಸ್ಟ್ಯಾಕು ಬೇಕು, ಅದೇ ಮುಗಿದಿದೆ. ಆದ್ದರಿಂದ ಬೇರೆ ಕಡೆ ಒಂದು ಚಿಕ್ಕ ಸ್ಟ್ಯಾಕನ್ನು ಮೊದಲೇ ತೆಗೆದಿಟ್ಟು ಹೇಳಿರಬೇಕು. ಯುನಿಕ್ಸಿನಲ್ಲಿ ಇದಕ್ಕೆಂದೇ ಒಂದು ಸಿಸ್ಟಮ್ ಕಾಲ್ ಇದೆ.

ಇದಕ್ಕಿಂತ ಕೆಟ್ಟದ್ದು, ಬೇಕೆಂದೇ ಉತ್ತರಿಸದ ಪೇಜರ್. ನಿಮ್ಮದೊಂದು ಸರ್ವರ್ ಇದೆ, ಗಿರಾಕಿ ಪ್ರೋಗ್ರಾಂ ದೊಡ್ಡ ಸಂದೇಶ ಕಳಿಸುತ್ತದೆ. ಅದನ್ನು ಗಿರಾಕಿಯ ಮೆಮೊರಿಯಿಂದ ನಕಲು ಮಾಡುವಾಗ ನಡುವಿನ ಒಂದು ಪುಟ ಇಲ್ಲ. ಆ ಪುಟಕ್ಕೆ ಪೇಜರ್ ಯಾರು? ಗಿರಾಕಿ ಗೊತ್ತುಮಾಡಿದವನೇ. ಅವನು ಸುಮ್ಮನೆ ಕೂತರೆ ನಿಮ್ಮ ಸರ್ವರ್ ನಕಲಿನ ನಡುವೆ ತೂಗಾಡುತ್ತಿರುತ್ತದೆ, ಮಿಕ್ಕ ಗಿರಾಕಿಗಳೆಲ್ಲ ಸಾಲಿನಲ್ಲಿ ನಿಲ್ಲಬೇಕು. ಲೀಡ್ಕೆ ಇದಕ್ಕೆ ಕಾಲಮಿತಿ ಇಟ್ಟರು: ಸಂದೇಶ ಸಾಗುವಾಗ ಫಾಲ್ಟ್ ಆದರೆ ಇಷ್ಟು ಹೊತ್ತು ಕಾಯಿ, ಬರದಿದ್ದರೆ ಬಿಟ್ಟುಬಿಡು. ಆದರೆ ಆ ಇಷ್ಟು ಹೊತ್ತು ಎಷ್ಟು? ಡಿಸ್ಕಿನಿಂದ ಬರುವ ಪ್ರಾಮಾಣಿಕ ಪುಟಕ್ಕೂ ವಂಚಕನ ಮೌನಕ್ಕೂ ಗಡಿಯಾರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಾಲಮಿತಿಗೆ ಸರಿಯಾದ ಬೆಲೆ ಯಾರಿಗೂ ಸಿಗಲಿಲ್ಲ. ಎಲ್4 ವಂಶದ ಮುಂದಿನವರು ಉದ್ದ ಸಂದೇಶವನ್ನೇ ಕರ್ನಲ್ಲಿನಿಂದ ತೆಗೆದುಹಾಕಿದರು. ಸೆಲ್4ರಲ್ಲಿ ಸಂದೇಶ ಚಿಕ್ಕದು. ಅದನ್ನಿಡುವ ಬಫರ್ ಯಾವಾಗಲೂ ಮೆಮೊರಿಯಲ್ಲೇ ಇರುತ್ತದೆ. ಕರ್ನಲ್ ಸಂದೇಶ ಸಾಗಿಸುವ ನಡುವೆ ಫಾಲ್ಟ್ ಆಗುವ ಪ್ರಸಂಗವೇ ಬರುವುದಿಲ್ಲ. ಇದನ್ನು ನಾನು ಸೋಲು ಎನ್ನುವುದಿಲ್ಲ, ಒಳ್ಳೆಯ ವಿನ್ಯಾಸ ಎನ್ನುತ್ತೇನೆ.

ಬಿಡದಿಯಲ್ಲಿ ಕಾರು ತಯಾರಾಗುವ ಜಿಲ್ಲೆಯಲ್ಲಿ ನಿಂತು ಕಾರಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಬ್ರೇಕಿನ ಲೆಕ್ಕ ಮಾಡುವ ಪ್ರೋಗ್ರಾಂ ಪುಟ ಬರಲಿ ಎಂದು ಕಾಯುವಂತಿಲ್ಲ. ಇಂಥ ಕಡೆ ಪೇಜಿಂಗ್ ಬೇಡ ಎನ್ನುವುದೇ ರೂಢಿ. ಎಲ್ಲ ಪುಟಗಳನ್ನೂ ಮೊದಲೇ ತಂದು ಬೀಗ ಹಾಕುತ್ತಾರೆ. ಕಾರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕ್ಯೂಎನ್‌ಎಕ್ಸ್ ಕೂಡ ಮೈಕ್ರೋಕರ್ನಲ್ಲೇ. ಅದರಲ್ಲೂ ಫಾಲ್ಟಿನ ತಡ ಸಹಿಸದ ಪ್ರೋಗ್ರಾಮುಗಳು ತಮ್ಮ ಮೆಮೊರಿಯನ್ನು ಹೀಗೆ ಕಟ್ಟಿಹಾಕುತ್ತವೆ.

ಹಾಗಾದರೆ ಇಷ್ಟೆಲ್ಲ ಕಷ್ಟಪಟ್ಟು ಹೊರಗಿನ ಪೇಜರ್ ಏಕೆ? ದತ್ತಾಂಶದ ಬಗ್ಗೆ ಕರ್ನಲ್ಲಿಗಿಂತ ಅದಕ್ಕೆ ಹೆಚ್ಚು ಗೊತ್ತಿರುತ್ತದೆ. ಗೂಗಲ್ಲಿನ ಫ್ಯೂಷಿಯಾ ಆಪರೇಟಿಂಗ್ ಸಿಸ್ಟಮಿನಲ್ಲಿ ಪ್ರೋಗ್ರಾಂ ಫೈಲುಗಳನ್ನು ಕಾಯುವ ಬ್ಲಾಬ್‌ಎಫ್‌ಎಸ್ ಎಂಬ ಪೇಜರ್ ಡಿಸ್ಕಿನಿಂದ ಕುಗ್ಗಿಸಿಟ್ಟ ತುಂಡು ತಂದು, ಬಿಚ್ಚಿ, ಹ್ಯಾಶ್ ಮರದೊಡನೆ ತಾಳೆ ನೋಡಿ, ಒಂದು ಬೈಟೂ ತಿದ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕರ್ನಲ್ಲಿಗೆ ಪುಟ ಒಪ್ಪಿಸುತ್ತದೆ. ತಾಳೆಯಾಗದಿದ್ದರೆ 'ಆಗಲಿಲ್ಲ' ಎನ್ನುತ್ತದೆ. ಈ ಪರೀಕ್ಷೆಯನ್ನು ಕರ್ನಲ್ಲಿಗೆ ತುರುಕಬೇಕಾದ ಅಗತ್ಯವೇ ಬರಲಿಲ್ಲ.

ಈ ಲಾಭ ಕಂಡು ಲಿನಕ್ಸಿಗೂ ಆಸೆಯಾಯಿತು. 2015ರಲ್ಲಿ ಬಂದ 4.3ನೆಯ ಆವೃತ್ತಿಯಲ್ಲಿ ಯೂಸರ್‌ಫಾಲ್ಟ್‌ಎಫ್‌ಡಿ ಎಂಬ ಸೌಲಭ್ಯ ಸೇರಿತು. ನಡೆಯುತ್ತಿರುವ ವರ್ಚುವಲ್ ಯಂತ್ರವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ, ಅದನ್ನು ಹೊಸ ಜಾಗದಲ್ಲಿ ಮೊದಲು ಎಬ್ಬಿಸಿ, ಅದು ಮುಟ್ಟಿದ ಪುಟಗಳನ್ನು ಹಳೆಯ ಜಾಗದಿಂದ ನೆಟ್‌ವರ್ಕ್ ಮೂಲಕ ತರಿಸಿಕೊಳ್ಳುವುದು ಇದರ ಮೊದಲ ಉದ್ದೇಶ. ಈಗ ಅದು ನಿಮ್ಮ ಜೇಬಿಗೂ ಬಂದಿದೆ. ಇಲ್ಲಿನ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಇ-ಹರಾಜಿಗೆ ಮೊಬೈಲಿನಲ್ಲೇ ಬೆಲೆ ಕೂಗುತ್ತಾರಲ್ಲ, ಆ ಫೋನು ಆಂಡ್ರಾಯ್ಡ್ 13 ಅಥವಾ ಅದರ ಆಚೆಯದಾಗಿದ್ದರೆ ಅದರ ಕಸ ಗುಡಿಸುವ ವ್ಯವಸ್ಥೆ ಇದನ್ನೇ ಬಳಸುತ್ತಿರಬಹುದು. ಆ್ಯಪ್ ಬಳಸಿ ಬಿಟ್ಟ ವಸ್ತುಗಳ ನಡುವೆ ಚದುರಿದ ಜೀವಂತ ವಸ್ತುಗಳನ್ನು ಒಂದೆಡೆ ಒತ್ತಿ ಜೋಡಿಸಬೇಕು, ಆ್ಯಪ್ ನಿಲ್ಲಬಾರದು. ವಸ್ತುಗಳು ಹೋಗಬೇಕಾದ ಪುಟಗಳನ್ನು ಖಾಲಿ ಎಂದು ಗುರುತಿಟ್ಟು ಆ್ಯಪನ್ನು ಓಡಲು ಬಿಡುತ್ತಾರೆ. ಬೆಲೆ ಒತ್ತಿದ ಬೆರಳಿನ ಹಿಂದೆ ಓಡುವ ಥ್ರೆಡ್ ಇನ್ನೂ ತುಂಬದ ಪುಟ ಮುಟ್ಟಿದರೆ ಫಾಲ್ಟ್. ಅದೇ ಆ್ಯಪಿನೊಳಗಿನ ಕೋಡು ಆ ಪುಟದ ವಸ್ತುಗಳನ್ನು ಆಗಲೇ ತಂದು ಜೋಡಿಸಿ ಉತ್ತರ ಕೊಡುತ್ತದೆ. ಪ್ರತಿ ಪಾಯಿಂಟರ್ ಓದುವಾಗಲೂ 'ಇದು ಜಾಗ ಬದಲಿಸಿದೆಯೇ' ಎಂದು ಕೇಳುವ ಹಳೆಯ ಕಾವಲಿನ ಕೋಡು ಬೇಕಿಲ್ಲವಾಯಿತು, ಆ್ಯಪುಗಳು ಚಿಕ್ಕದಾದವು.

ಆದರೆ ಲೀಡ್ಕೆಗೆ ಕಾಡಿದ ಪ್ರಶ್ನೆ ಲಿನಕ್ಸನ್ನೂ ಬಿಡಲಿಲ್ಲ. ಸಾಮಾನ್ಯ ಪ್ರೋಗ್ರಾಮಿಗೆ ಫಾಲ್ಟಿಗೆ ಉತ್ತರಿಸುವ ಹಕ್ಕು ಕೊಟ್ಟರೆ, ಉತ್ತರವನ್ನು ತಡೆಹಿಡಿಯುವ ಹಕ್ಕೂ ಸಿಗುತ್ತದೆ. ದಾಳಿಕೋರರು ಕರ್ನಲ್ಲಿಗೇ ಅಂಥ ಪುಟವೊಂದರ ವಿಳಾಸ ಕೊಟ್ಟು, ಅದು ನಕಲಿನ ನಡುವೆ ನಿಂತಾಗ ತಮಗೆ ಬೇಕಾದಷ್ಟು ಹೊತ್ತು ಅದನ್ನು ಅಲ್ಲೇ ಹಿಡಿದಿಟ್ಟು, ಆ ಸಂದಿನಲ್ಲಿ ಬೇರೆ ಕಿತಾಪತಿ ಮಾಡತೊಡಗಿದರು. 2021ರ 5.11ನೆಯ ಆವೃತ್ತಿಯಿಂದ ನಿಯಮ ಬಿಗಿಯಾಯಿತು. ವಿಶೇಷ ಅಧಿಕಾರವಿಲ್ಲದ ಪ್ರೋಗ್ರಾಂ ತನ್ನ ಕೋಡು ಮುಟ್ಟಿ ಆದ ಫಾಲ್ಟಿಗೆ ಮಾತ್ರ ಉತ್ತರಿಸಬಹುದು. ಅದೇ ಪುಟವನ್ನು ಕರ್ನಲ್ ತಾನಾಗಿ ಮುಟ್ಟಿ ಪುಟ ಇಲ್ಲದಿದ್ದರೆ ಅದು ಯಾರನ್ನೂ ಕೇಳುವುದಿಲ್ಲ, ಕಾಯುವುದೂ ಇಲ್ಲ. ವಿಳಾಸ ಸರಿಯಿಲ್ಲ ಎಂದು ಸಿಸ್ಟಮ್ ಕಾಲನ್ನು ಅರ್ಧಕ್ಕೆ ವಾಪಸ್ ಕಳಿಸುತ್ತದೆ. ಪುಟ ತುಂಬಿಸಿಕೊಂಡು ಮತ್ತೆ ಕರೆಯುವುದು ಪ್ರೋಗ್ರಾಮಿನ ಹೊಣೆ.